ಸೊಂಟಪಟ್ಟಿಯ ಸೀಸ

ಮುಳ್ಳಣ್ಣನ ಮುತ್ತಜ್ಜ ತಕ್ಕಡಿ ಮಾಡುವವನು. ಪೇಟೆಯ ದೊಡ್ಡ ಧಾನ್ಯದ ವ್ಯಾಪಾರಿಯ ತೂಕದ ಕಲ್ಲು ಹಗುರ ಎಂದು ಗೊತ್ತಾದ ದಿನ, ಆ ಕಲ್ಲನ್ನು ವ್ಯಾಪಾರಿಯ ಹೊಸ್ತಿಲ ಮೇಲೇ ಇಟ್ಟು ಸುತ್ತಿಗೆಯಿಂದ ಎರಡು ಹೋಳು ಮಾಡಿ, ಹೋಳುಗಳನ್ನು ಅವನ ಕೈಗೇ ಕೊಟ್ಟು ಬಂದವನು. ಅಜ್ಜ ಇನ್ನೂ ಒಂದು ಕೈ ಮೇಲು. ತಕ್ಕಡಿ ನೋಡುವವನು ಪೇಟೆಯವರ ಮನೆಯದಾಗಲಿ ಅಂಗಡಿಯದಾಗಲಿ ಒಂದು ತುತ್ತೂ ತಿನ್ನಕೂಡದು, ಒಂದು ಗುಟುಕೂ ಕುಡಿಯಕೂಡದು, ತಿಂದವನಿಗೆ ಆಮೇಲೆ ನಿಷ್ಠುರ ಹೇಳಲು ನಾಲಗೆ ಏಳುವುದಿಲ್ಲ ಎಂದು ಮನೆಗೆ ಕಟ್ಟು ಹಾಕಿದ. ಅಜ್ಜಿಯೂ ಸಾಮಾನ್ಯಳಲ್ಲ. ಹೊಳೆ ಉಕ್ಕಿ ಪೇಟೆಯೊಳಗೆ ನುಗ್ಗಿದಾಗ ಪಾತ್ರೆ ಪಗಡೆ, ಹಾಸಿಗೆ ಹೊದಿಕೆ ಎಲ್ಲ ತೇಲಿಹೋಗಲು ಬಿಟ್ಟು, ಮಾದರಿ ತೂಕಗಳ ಮರದ ಪೆಟ್ಟಿಗೆಯೊಂದನ್ನು ತಲೆಯ ಮೇಲೆ ಹೊತ್ತು ಎದೆಮಟ್ಟದ ನೀರು ದಾಟಿದಳು. ಅಪ್ಪನಂತೂ ಸ್ವಂತ ಭಾವಮೈದುನನ ತಕ್ಕಡಿ ಸುಳ್ಳು ಎಂದು ನಡುಬೀದಿಯಲ್ಲಿ ಹೇಳಿ, ಆ ನೆಂಟಸ್ತನಕ್ಕೆ ಎಳ್ಳುನೀರು ಬಿಟ್ಟವನು. ಅಪ್ಪ ಸಾಯುವ ತನಕ ಭಾವಮೈದುನ ಈ ಮನೆಯ ಮೆಟ್ಟಿಲು ತುಳಿಯಲಿಲ್ಲ.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದವನು ನಮ್ಮ ಮುಳ್ಳಣ್ಣ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದನ್ನು ಕರೆಯುವವರು ಯಾರೂ ಇರಲಿಲ್ಲ. ತಕ್ಕಡಿಯ ಮುಳ್ಳಿನ ಮುಂದೆ ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಕೊಕ್ಕರೆಯ ಹಾಗೆ ನಿಲ್ಲುತ್ತಿದ್ದುದರಿಂದ ಅಂಟಿದ ಹೆಸರು ಇದು. ಮೇಲಂತಸ್ತಿನ ಮೆಟ್ಟಿಲ ಕೆಳಗೆ ಅವನ ಅಂಗಡಿ. ಇಬ್ಬರು ಒಳಗೆ ಹೋದರೆ ಮೂರನೆಯವನು ಬೀದಿಯಲ್ಲೇ ನಿಲ್ಲಬೇಕು. ಗೋಡೆಯ ತುಂಬ ಹಿತ್ತಾಳೆ ತಟ್ಟೆ, ಸರಪಳಿ, ದಂಡಿಗೆ. ಮೂಲೆಯಲ್ಲಿ ಚೀಲ ತೂಗುವ ದೊಡ್ಡ ಹಲಗೆಯ ತಕ್ಕಡಿ. ಬೆಂಚಿನ ಮೇಲೆ ಕಬ್ಬಿಣದ ತೂಕದ ಬಟ್ಟುಗಳು. ಬಟ್ಟಿನ ತಳದಲ್ಲಿ ಒಂದು ಗುಳಿ ಇರುತ್ತದೆ. ಉಜ್ಜಿ ಉಜ್ಜಿ ಸವೆದು ಬಟ್ಟು ಹಗುರಾದರೆ ಆ ಗುಳಿಯೊಳಕ್ಕೆ ಸೀಸ ಕಾಯಿಸಿ ಹೊಯ್ದು, ತೂಕವನ್ನು ಮತ್ತೆ ಸರಿಮಾಡುವುದೇ ಅವನ ಕಸುಬು. ಅಂಕಿ ತೋರಿಸುವ ಕರೆಂಟಿನ ಮಿಷನ್‌ಗಳು ಬಂದ ಮೇಲೆ ಅವುಗಳ ಹೊಟ್ಟೆ ಬಗೆದು ನೋಡುವುದನ್ನೂ ಕಲಿತುಕೊಂಡ. ಕೊಳ್ಳುವವರಿಗೂ ಮಾರುವವರಿಗೂ ಜಗಳ ಹತ್ತಿದರೆ, ನಡಿ ಮುಳ್ಳಣ್ಣನ ಹತ್ತಿರ ಎನ್ನುವಲ್ಲಿಗೆ ಅರ್ಧ ಜಗಳ ಮುಗಿಯುತ್ತಿತ್ತು.

ಪೇಟೆಗೆ ಹೊರಟರೆ ಕುಡಿಯುವ ನೀರನ್ನೂ ಮನೆಯಿಂದಲೇ ಒಯ್ಯುವನು. ಬಿಸಿಲಲ್ಲಿ ನಾಲಗೆ ಒಣಗಿ ಬಂದರೂ ಯಾರ ಅಂಗಡಿಯ ಚಹಾ ಮುಟ್ಟಿದವನಲ್ಲ. ಮನೆಯಲ್ಲಿ ಅನ್ನ ಬಡಿಸಿದರೆ ಸೌಟನ್ನೂ ಒಂದು ಸಲ ಎತ್ತಿ ನೋಡುತ್ತಾರೆ ಎಂದು ಹೆಂಡತಿ ನಗೆಯಾಡುತ್ತಿದ್ದಳು.

ಆ ಅನ್ನವೇ ಒಂದು ದಿನ ಎದೆಯಲ್ಲಿ ಸಿಕ್ಕಿಕೊಂಡಿತು. ಮೊದಮೊದಲು ನೀರು ಕುಡಿದು ಇಳಿಸಿದ. ಆಮೇಲೆ ರೊಟ್ಟಿ ಬಿಟ್ಟ, ಮಾಂಸ ಬಿಟ್ಟ, ಮೆತ್ತಗಿನದನ್ನಷ್ಟೇ ಆರಿಸಿಕೊಂಡ. ನುಂಗಿದ್ದು ತಿರುಗಿ ಬಾಯಿಗೆ ಬರಲು ಶುರುವಾದಾಗ ಹೆಂಡತಿ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಬಾಯಿಯೊಳಗೆ ಕೊಳವೆ ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅನ್ನನಾಳದಲ್ಲಿ ಗಡ್ಡೆ, ಕ್ಯಾನ್ಸರ್ ಎಂದು ದೊಡ್ಡ ಡಾಕ್ಟರು ಸುತ್ತಿ ಬಳಸದೆ ಹೇಳಿದರು. ಮದ್ದು ಮತ್ತು ಕಿರಣ ಎರಡನ್ನೂ ಕೊಟ್ಟು ಗಡ್ಡೆ ಕುಗ್ಗಿಸಬೇಕು, ಆಮೇಲೆ ಆಪರೇಷನ್. ಅದು ಮುಗಿಯುವ ತನಕ ಮೈ ತಡೆದುಕೊಳ್ಳಬೇಕು, ಅಷ್ಟೇ ಎಂದರು.

ಮೈ ತಡೆದುಕೊಳ್ಳುವುದು ಹೇಗೆಂದು ಹೇಳಿಕೊಡಲು ಇನ್ನೊಬ್ಬ ಹೆಂಗಸು ಇದ್ದಳು. ಆಸ್ಪತ್ರೆಯವರೆಲ್ಲ ಆಕೆಯನ್ನು ಊಟದ ಮೇಡಂ ಎನ್ನುತ್ತಿದ್ದರು. ಆಕೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದಳು. ಬೇಳೆಯನ್ನು ಗಂಜಿಯ ಹಾಗೆ ಬೇಯಿಸಿ ಒಂದು ಚಮಚ ಬೆಣ್ಣೆ ಹಾಕಿ. ಮೊಟ್ಟೆ ಬೇಯಿಸಿ ಹಾಲಲ್ಲಿ ಕಿವುಚಿ. ಮೊಸರು, ಬಾಳೆಹಣ್ಣು, ನುಣ್ಣಗೆ ಅರೆದ ಕಡಲೆಕಾಯಿ, ಬೇಯಿಸಿ ಮಸೆದ ತರಕಾರಿ. ಒಂದೇ ಸಲಕ್ಕೆ ತಟ್ಟೆ ತುಂಬ ಬೇಡ. ಸ್ವಲ್ಪ ಸ್ವಲ್ಪ, ಆಗಾಗ. ನೆಟ್ಟಗೆ ಕೂತು ತಿನ್ನಿ, ತಿಂದ ಕೂಡಲೇ ಮಲಗಬೇಡಿ. ಸಕ್ಕರೆ ಬಿಟ್ಟರೆ, ಹಾಲು ಬಿಟ್ಟರೆ ಗಡ್ಡೆ ಸಾಯುತ್ತದಂತೆ ಎಂದು ಮುಳ್ಳಣ್ಣ ಯಾರೋ ಹೇಳಿದ್ದನ್ನು ಕೇಳಿದ. ಆಕೆ ನಗಲಿಲ್ಲ. ಗಡ್ಡೆಯನ್ನು ಉಪವಾಸ ಕೆಡವಿ ಕೊಲ್ಲಲು ಹೊರಟರೆ ಮೊದಲು ಹೋಗುವವರು ನೀವು ಎಂದಳು. ತೂಕ ತೀರಾ ಇಳಿದರೆ ಮದ್ದು ನಿಲ್ಲಿಸಬೇಕಾಗುತ್ತದೆ, ಮೂಗಿನಿಂದ ನಳಿಕೆ ಹಾಕಿ ಊಟ ಕೊಡಬೇಕಾಗುತ್ತದೆ ಎಂದೂ ಸೇರಿಸಿದಳು.

ಮುಳ್ಳಣ್ಣನ ಕಿವಿಯಲ್ಲಿ ನಿಂತದ್ದು ಈ ಕೊನೆಯ ಮಾತೊಂದೇ. ತೂಕ ಇಳಿದವನು ಎಂದು ನಾಲ್ಕು ಜನರ ಮುಂದೆ ಅನ್ನಿಸಿಕೊಂಡು, ಮೂಗಿಗೆ ನಳಿಕೆ ಹಾಕಿಸಿಕೊಂಡು ಪೇಟೆಯ ಬೀದಿಯಲ್ಲಿ ನಡೆಯುವುದನ್ನು ನೆನೆದರೇ ಅವನಿಗೆ ಮೈ ಮುದುಡುತ್ತಿತ್ತು.

ಮದ್ದು ಶುರುವಾಯಿತು. ಆಸ್ಪತ್ರೆಯ ಪಡಸಾಲೆಯ ತುದಿಯಲ್ಲಿ ಒಂದು ಕೋಣೆ ಇತ್ತು. ರೋಗಿಗಳು ಅವರವರ ಡಬ್ಬಿ ತಂದು ಅಲ್ಲಿ ಕೂಡಿ ಉಣ್ಣುವರು, ಯಾರಿಗೆ ಯಾವುದು ಇಳಿಯಿತು, ಯಾವುದು ಇಳಿಯಲಿಲ್ಲ ಎಂದು ಹೇಳಿಕೊಳ್ಳುವರು. ನೀವೂ ಹೋಗಿ ಎಂದು ಅಲ್ಲಿಯ ಎಳೆ ನರ್ಸಮ್ಮ ಅವನನ್ನು ಕಳಿಸಿದಳು. ಇವನು ಬಾಗಿಲಲ್ಲಿ ನಿಂತು ಇಣುಕಿದ. ಒಬ್ಬ ಗಂಡಸಿನ ಗಲ್ಲದ ಮೇಲೆ ಗಂಜಿ ಇಳಿಯುತ್ತಿತ್ತು, ಪಕ್ಕದವನು ಅದನ್ನು ಒರೆಸುತ್ತಿದ್ದ, ಇಬ್ಬರೂ ನಗುತ್ತಿದ್ದರು. ನಗುವುದಕ್ಕೆ ಇವರಿಗೆ ಹೇಗೆ ಮನಸ್ಸು ಬರುತ್ತದೆ ಎಂದುಕೊಂಡು ಬಂದ ದಾರಿಗೆ ಸುಂಕವಿಲ್ಲದ ಹಾಗೆ ಹಿಂತಿರುಗಿದ. ಕೂತಿದ್ದು ಬಂದೆ ಎಂದು ಹೆಂಡತಿಗೆ ಹೇಳಿದ.

ಪೇಟೆಯವರಿಗೆ ಸುದ್ದಿ ಮುಟ್ಟಿತು. ಈರುಳ್ಳಿ ಮಾರುವವಳು ಸುಮ್ಮನಿರುವ ಜಾತಿಯವಳಲ್ಲ. ಹಾಲಿನವನಿಗೆ ಹಾಲು, ಮೊಟ್ಟೆಯವನಿಗೆ ಮೊಟ್ಟೆ, ತರಕಾರಿ ಹೆಂಗಸರಿಗೆ ಬೇಯಿಸುವ ಸರದಿ ಎಂದು ಹಂಚಿಹಾಕಿ, ಮೊದಲ ಡಬ್ಬಿಯನ್ನು ತಾನೇ ಹಿಡಿದುಕೊಂಡು ಅಂಗಡಿಗೆ ಬಂದಳು. ಮುಳ್ಳಣ್ಣ ಡಬ್ಬಿಯನ್ನು ಬೆರಳ ತುದಿಯಲ್ಲಿ ಅವಳ ಕಡೆಗೇ ಸರಿಸಿದ.

“ನಮ್ಮ ಮನೆ ನಡೆ ನಿನಗೆ ಗೊತ್ತಿಲ್ವಾ ತಂಗಿ?”

“ನಡೆ ಎಲ್ಲ ನಡೆಯೋರಿಗೆ ಅಣ್ಣ. ನೀನು ಆಗಲೇ ತೂರಾಡ್ತಾ ಇದೀಯ.”

ಅವನು ಕಡ್ಡಿ ಮುರಿದ ಹಾಗೆ ಬೇಡ ಎಂದ. ಅವಳು ಡಬ್ಬಿಯನ್ನು ಅಲ್ಲೇ ಬೆಂಚಿನ ಮೇಲೆ ಕುಕ್ಕಿ ಹೋದಳು. ಅವಳ ಬೆನ್ನು ತಿರುಗುತ್ತಲೇ ಇವನು ಅದನ್ನು ಪಕ್ಕದ ಅಂಗಡಿಯ ಕೂಲಿಗೆ ಕೊಟ್ಟ.

ಮನೆಯಲ್ಲಿ ನಡೆಯುತ್ತಿದ್ದುದು ಇದಕ್ಕಿಂತ ಕಡೆ. ಹೆಂಡತಿ ಮೇಡಂ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವಳು. ಮಸೆದು, ಸೋಸಿ, ಉಗುರುಬೆಚ್ಚಗೆ ಆರಿಸಿ ತಂದಿಡುವಳು. ತಿನ್ನುವಾಗ ಕೆಮ್ಮು ಬರುತ್ತದೆ, ಯಾರೂ ಎದುರಿಗೆ ಇರಬಾರದು ಎಂದು ಇವನು ಬಾಗಿಲು ಹಾಕಿಕೊಳ್ಳುವನು. ಒಂದೆರಡು ಚಮಚ ಒಳಗೆ ಹೋಗುತ್ತಿತ್ತು, ಅದರಲ್ಲಿ ಅರ್ಧ ವಾಪಸು ಬರುತ್ತಿತ್ತು. ಉಳಿದದ್ದನ್ನು ಹಿಂಬಾಗಿಲಿನಿಂದ ಬೀದಿನಾಯಿಗೆ ಸುರಿದು ಬಟ್ಟಲನ್ನು ನೆಕ್ಕಿದಷ್ಟು ಚೊಕ್ಕಟವಾಗಿ ತಂದಿಡುವನು. ಬರಿದಾದ ಬಟ್ಟಲು ಕಂಡು ಆಕೆಯ ಮುಖ ಊರಗಲ ಆಗುತ್ತಿತ್ತು. ಆ ಮುಖವನ್ನು ನೋಡಲಾರದೆ ಇವನು ಅಂಗಡಿಯ ದಾರಿ ಹಿಡಿಯುತ್ತಿದ್ದ. ಆ ನಾಯಿ ಮಾತ್ರ ದಿನೇದಿನೇ ದುಂಡಗಾಯಿತು.

ಅಂಗಡಿಯಲ್ಲಿ ಕದ ಮುಚ್ಚಿ ಮೂಲೆಯ ಹಲಗೆ ತಕ್ಕಡಿಯ ಮೇಲೆ ತಾನೇ ಹತ್ತಿ ನಿಲ್ಲುವನು. ಅದು ಅವನೇ ಸರಿಮಾಡಿದ ತಕ್ಕಡಿ, ಅವನ ಮುಖ ನೋಡಿ ಮಾತಾಡುವಂಥದ್ದಲ್ಲ. ಪ್ರತಿ ಸಲ ಇಳಿತವನ್ನೇ ಹೇಳುತ್ತಿತ್ತು. ಅಂಥ ಒಂದು ಸಂಜೆ ಅವನ ಕೈ ಸೀಸದ ಡಬ್ಬಿಗೆ ಹೋಯಿತು. ಮಗ್ಗುಲಲ್ಲೇ ಇತ್ತು, ದಿನವೂ ಮುಟ್ಟುವ ಪದಾರ್ಥ. ಸವೆದ ಬಟ್ಟಿಗೆ ಸೀಸ ತುಂಬುವ ಹಾಗೆಯೇ ಎಂದುಕೊಂಡನೋ ಏನೋ. ಹಳೆಯ ಬಟ್ಟೆಯ ಸೊಂಟಪಟ್ಟಿಯೊಂದಕ್ಕೆ ಸಾಲಾಗಿ ಚೀಲಗಳನ್ನು ಹೊಲಿದು, ತೆಳ್ಳಗೆ ತಟ್ಟಿದ ಸೀಸದ ಬಿಲ್ಲೆಗಳನ್ನು ಅದರೊಳಗೆ ಇಳಿಸಿದ. ಮೈಯಿಂದ ಎಷ್ಟು ಹೋಗಿತ್ತೋ ಅಷ್ಟನ್ನು ತೂಗಿ ತುಂಬಿದ. ಅನುಮಾನ ಬರಬಾರದೆಂದು ಒಂದು ಚೂರು ಕಡಿಮೆಯನ್ನೇ ಇಟ್ಟ. ಆ ಬೆರಳುಗಳ ಹುಷಾರಿ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

ಆಸ್ಪತ್ರೆಗೆ ಹೋದ ಕೂಡಲೇ ಮೊದಲು ತೂಕ, ಆಮೇಲೆ ಮದ್ದಿನ ಬಾಟಲಿ. ಅಂಗಿಯ ಕೆಳಗೆ ಪಟ್ಟಿ ಬಿಗಿದುಕೊಂಡು ಮಿಷನ್ ಹತ್ತುವನು, ಇಳಿದವನೇ ಕಕ್ಕಸಿಗೆ ಹೋಗಿ ಬಿಚ್ಚಿ ಕೈಚೀಲಕ್ಕೆ ಹಾಕುವನು. ಚೀಲ ಭಾರ ಎಂದು ಹೆಂಡತಿ ಕೇಳಿದರೆ, ದಾರಿಯಲ್ಲಿ ಒಂದು ತಕ್ಕಡಿ ನೋಡುವುದಿದೆ, ಸಾಮಾನು ಎನ್ನುವನು. ಊಟ ಆಯ್ತಾ ಯಜಮಾನ್ರೇ ಎಂದು ನರ್ಸಮ್ಮ ತಪ್ಪದೆ ಕೇಳುವಳು. ಹೂಂ ತಾಯಿ ಎಂದು ಇವನು ತಪ್ಪದೆ ಹೇಳುವನು. ಮಿಷನ್ನಿನ ಅಂಕಿ ನೋಡಿ ಆ ಹುಡುಗಿಗೆ ತನ್ನ ಮನೆಯವರೇ ಗೆದ್ದಷ್ಟು ಹಿಗ್ಗು. ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕಡ್ಡಿಯಾಗಿ ಕೂತಿದ್ದ ಟೈಲರ್ ಹೆಂಗಸಿಗೆ, ನೋಡಿ, ಇವರಿಗೂ ನಿಮ್ಮದೇ ಕಾಯಿಲೆ, ಇವರು ಹೇಗೆ ತೂಕ ಉಳಿಸಿಕೊಂಡಿದ್ದಾರೆ, ನೋಡಿ ಕಲಿತುಕೊಳ್ಳಿ ಎಂದು ಗದರಿದಳು. ಆ ಹೆಂಗಸು ತಲೆತಗ್ಗಿಸಿ ಸೆರಗಿನ ತುದಿ ತಿರುವುತ್ತ ಕೂತಳು. ಮುಳ್ಳಣ್ಣನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಅಷ್ಟು ಅನ್ನಿಸಿಯೂ ಬಾಯಿ ಬಿಡಲಿಲ್ಲ. ಮುಂದಿನ ಸಲ ಇನ್ನಷ್ಟು ಬಿಲ್ಲೆ ತುಂಬಿಕೊಂಡೇ ಹೋದ.

ಮೈಯ ತೂಕ ನೋಡಿಯೇ ಮದ್ದಿನ ಅಳತೆ ಕಟ್ಟುತ್ತಾರೆ ಎಂಬುದು ಅವನಿಗೆ ತಿಳಿದಿರಲಿಲ್ಲ. ತೂಕ ನೋಡುವುದು ನಳಿಕೆ ಹಾಕಲೋ ಬೇಡವೋ ಎಂದು ತೀರ್ಮಾನಿಸುವುದಕ್ಕೆ ಎಂದಷ್ಟೇ ನಂಬಿದ್ದ. ಹುರಿದುಂಬಿಸುವ ಮುಖದ ಆ ಹುಡುಗಿ ಬರೆದುಕೊಂಡ ಅಂಕಿಯ ಪ್ರಕಾರ, ಇಲ್ಲದ ಮಾಂಸಕ್ಕೂ ಸೇರಿಸಿ ಮದ್ದು ಹರಿಯಿತು.

ಬಾಯಿ ಒಳಗೆಲ್ಲ ಸುಲಿದುಹೋಯಿತು. ಜ್ವರ ಕಾಯ್ದ ಹೆಂಚಿನ ಹಾಗೆ ಏರಿತು. ಕಣ್ಣು ಮೇಲೆ ಸಿಕ್ಕಿಸಿಕೊಂಡು ಬಿದ್ದವನನ್ನು ಹೆಂಡತಿ ನೆರೆಯವರ ಕೈಕಾಲು ಹಿಡಿದು ಆಸ್ಪತ್ರೆಗೆ ಸೇರಿಸಿದಳು. ಅಲ್ಲಿ ಅವನನ್ನು ಮಲಗಿಸಿದ ಮಂಚದಲ್ಲೇ ತೂಕ ಹೇಳುವ ಏರ್ಪಾಡಿತ್ತು. ಮೊನ್ನೆ ಬರೆದ ತೂಕಕ್ಕೂ ಇವತ್ತಿನದಕ್ಕೂ ತಾಳಮೇಳವೇ ಇಲ್ಲ. ದೊಡ್ಡ ಡಾಕ್ಟರು ಎರಡನ್ನೂ ನೋಡಿ ಕಂಗಾಲಾದರು. ಇಷ್ಟು ಸೊರಗಿದವನೆಂದು ಗೊತ್ತಿದ್ದರೆ ಮದ್ದು ನಿಲ್ಲಿಸಿ ಮೊದಲು ಊಟ ಕೊಡುತ್ತಿದ್ದೆವು ಎಂದರು. ನರ್ಸಮ್ಮನನ್ನು ಕರೆಸಿ ಏನು ನೋಡಿ ಏನು ಬರೆದೆ ಎಂದು ಕೇಳಿದರು. ಕಂಡದ್ದನ್ನೇ ಬರೆದೆ ಎಂದು ಅವಳು ಎಷ್ಟು ಹೇಳಿದರೂ ಅದು ಯಾರ ತಲೆಗೂ ಹೋಗಲಿಲ್ಲ. ವಿಚಾರಣೆ ಮುಗಿಯುವ ತನಕ ರೋಗಿಗಳ ಹತ್ತಿರ ಸುಳಿಯಬೇಡ ಎಂದರು.

ಜ್ವರ ಒಂದಿಷ್ಟು ಇಳಿದು ಮುಳ್ಳಣ್ಣ ಕಣ್ಣು ಬಿಟ್ಟಾಗ, ಹೆಂಡತಿ ಟವಲಿಗಾಗಿ, ನೆರೆಯವರು ಅವಸರದಲ್ಲಿ ಎತ್ತಿಕೊಂಡು ಬಂದಿದ್ದ ಅವನ ಕೈಚೀಲಕ್ಕೆ ಕೈ ಹಾಕಿದ್ದಳು. ಕೈಗೆ ಬಂದದ್ದು ಸೊಂಟಪಟ್ಟಿ. ಎತ್ತಿ ನೋಡಿದಳು, ಒಂದು ಕೈಯಲ್ಲಿ ಆಗಲಿಲ್ಲ. ಅವಳೂ ತಕ್ಕಡಿಯವನ ಮನೆಯಲ್ಲಿ ಬಾಳಿದವಳು, ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಂಡನ ಮುಖ ಗೋಡೆಯ ಕಡೆ ತಿರುಗಿತು.

“ಇದನ್ನ ಹೊತ್ಕೊಂಡು ಬರೋಕೆ ನಿಮಗೆ ಶಕ್ತಿ ಇತ್ತು,” ಎಂದಳು. “ನನ್ನ ಎದುರಿಗೆ ಕೂತು ಎರಡು ಚಮಚ ನುಂಗೋಕೆ ಇರ್ಲಿಲ್ವಾ?”

ಅವನು ತಿರುಗಲಿಲ್ಲ. ಹೇಸಿಗೆ ಆಗುತ್ತಿತ್ತು ಕಣೆ, ನೀನು ಅಷ್ಟು ಆಸೆಯಿಂದ ಮಾಡಿದ್ದು ವಾಪಸು ಬರುವುದನ್ನು ನೀನು ನೋಡಬಾರದು ಅನ್ನಿಸುತ್ತಿತ್ತು ಎಂದು ಗೋಡೆಗೇ ಹೇಳಿದ. ಬೀದಿನಾಯಿಯ ಸಂಗತಿಯನ್ನೂ ಹೇಳಿದ. ಆಕೆ ಪಟ್ಟಿಯನ್ನು ಟವಲಿನಲ್ಲಿ ಸುತ್ತಿ ಮತ್ತೆ ಚೀಲದ ತಳಕ್ಕೆ ತುರುಕಿದಳು. ಸಂಜೆ ಮೋರಿಗೆ ಹಾಕಿ ಬರುತ್ತೇನೆ, ನೀವು ಬಾಯಿ ಮುಚ್ಚಿಕೊಂಡಿರಿ ಎಂದಳು.

ಸಂಜೆಯ ಮೊದಲೇ ಪೇಟೆ ಬಂತು. ಈರುಳ್ಳಿಯವಳು ಮುಂದೆ, ಹಾಲಿನವನು, ಮೊಟ್ಟೆಯವನು ಹಿಂದೆ. ನಮ್ಮ ಮನುಷ್ಯನಿಗೆ ತಪ್ಪು ಮದ್ದು ಕೊಟ್ಟು ಕೆಡವಿದ್ದೀರಿ ಎಂದು ಡಾಕ್ಟರ ಬಾಗಿಲಲ್ಲಿ ಕೂತರು. ಡಾಕ್ಟರಿಗೂ ಅನುಮಾನ ಮಿಷನ್ನಿನ ಮೇಲೆಯೇ ಇತ್ತು. ಮಿಷನ್ ಕೆಟ್ಟಿದ್ದರೆ ಇನ್ನೆಷ್ಟು ಜನರ ಅಳತೆ ತಪ್ಪಿದೆಯೋ ಎಂದು ಅವರಿಗೆ ನಿದ್ದೆ ಇರಲಿಲ್ಲ. ಹಾಗಾದರೆ ಮುಳ್ಳಣ್ಣನೇ ಅದನ್ನು ನೋಡಿ ಹೇಳಲಿ, ಅವನು ಹೂಂ ಅಂದರೆ ನಾವು ಎದ್ದು ಹೋಗುತ್ತೇವೆ, ಪೇಟೆಯಲ್ಲಿ ಅವನ ಮಾತಿಗೆ ಎದುರು ಮಾತಿಲ್ಲ ಎಂದಳು ಈರುಳ್ಳಿಯವಳು.

ಮಿಷನ್ನನ್ನು ಮಂಚದ ಪಕ್ಕಕ್ಕೆ ತಳ್ಳಿಕೊಂಡು ಬಂದರು. ಅವನ ಅಂಗಡಿಯಿಂದಲೇ ಕೆಲವು ಬಟ್ಟುಗಳನ್ನು ತರಿಸಿದರು. ಹೆಂಡತಿ ಅವನ ಬೆನ್ನಿಗೆ ದಿಂಬು ಕೊಟ್ಟು ಎಬ್ಬಿಸಿ ಕೂರಿಸಿದಳು. ಬಾಗಿಲ ಹೊರಗೆ ನರ್ಸಮ್ಮ ಗೋಡೆಗೆ ಒರಗಿ ನಿಂತಿದ್ದಳು. ಒಳಗೆ ಬರಲು ಅವಳಿಗೆ ಅಪ್ಪಣೆ ಇರಲಿಲ್ಲ. ಹಾಲಿನವನು ಒಂದೊಂದೇ ಬಟ್ಟು ಇಟ್ಟ. ಅಂಕಿ ಸರಿಯಾಗಿಯೇ ಬಂತು. ಇಷ್ಟು ಸಣ್ಣ ಭಾರಕ್ಕೆ ಸರಿ, ಮನುಷ್ಯನಷ್ಟು ಭಾರ ಬಿದ್ದರೆ ತಪ್ಪುತ್ತದೆ ಎಂದು ಮುಳ್ಳಣ್ಣ ಒಂದು ಮಾತು ಅಂದಿದ್ದರೆ ಸಾಕಿತ್ತು. ಅಂಥ ಮಿಷನ್‌ಗಳು ಇರುತ್ತವೆ, ಅಲ್ಲಿದ್ದವರಲ್ಲಿ ಒಬ್ಬರೂ ಅಲ್ಲಗಳೆಯುತ್ತಿರಲಿಲ್ಲ. ಮಿಷನ್ ಮೂಲೆ ಸೇರುತ್ತಿತ್ತು, ಹುಡುಗಿ ಕೆಲಸಕ್ಕೆ ಮರಳುತ್ತಿದ್ದಳು, ಮನೆತನದ ಮಾನವೂ ಉಳಿಯುತ್ತಿತ್ತು. ಹೆಂಡತಿ ಅದನ್ನೇ ಹೇಳಿ ಎಂದು ಕಣ್ಣಿನಲ್ಲೇ ಬೇಡುತ್ತಿದ್ದಳು.

ಅವನು ಸುಲಿದ ನಾಲಗೆಯಿಂದ ತುಟಿ ಸವರಿಕೊಂಡ.

“ಮಿಷನ್ ಸರಿಯಿದೆ,” ಎಂದ. ಆಮೇಲೆ ಹೆಂಡತಿಗೆ, “ಆ ಚೀಲ ಡಾಕ್ಟರಿಗೆ ಕೊಡು.”

ಆಕೆ ಕದಲಲಿಲ್ಲ. ಈರುಳ್ಳಿಯವಳೇ ಬಗ್ಗಿ ಚೀಲ ಎತ್ತಿದಳು, ಟವಲು ಬಿಚ್ಚಿದಳು. ಇದೇನಣ್ಣ ಎಂದಳು. ಏನೆಂದು ಅವನೇ ಹೇಳಬೇಕಾಯಿತು. ಯಾವ ದಿನದಿಂದ, ಹೇಗೆ, ಎಷ್ಟೆಷ್ಟು ಎಂದು ಒಂದನ್ನೂ ಬಿಡದೆ ಹೇಳಿದ. ಹೇಳುತ್ತಾ ಹೋದ ಹಾಗೆ ಎದುರಿಗಿದ್ದವರ ದೃಷ್ಟಿ ಅವನ ಮುಖದಿಂದ ಜಾರಿ ನೆಲಕ್ಕೆ ಹೋಯಿತು. ಹಾಲಿನವನು ಬಟ್ಟುಗಳನ್ನು ಸದ್ದಾಗದಂತೆ ಎತ್ತಿಕೊಂಡು ಹೊರಗೆ ನಡೆದ. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ನರ್ಸಮ್ಮನನ್ನು ಒಳಗೆ ಕರೆದು ಕ್ಷಮೆ ಕೇಳಿದರು. ಅವಳು ನೇರವಾಗಿ ಮಂಚದ ಹತ್ತಿರ ಬಂದಳು.

“ಊಟ ಆಯ್ತಾ ಅಂತ ದಿನಾ ಕೇಳ್ತಿದ್ದೆ, ಯಜಮಾನ್ರೇ. ಇಲ್ಲ ಅಂದಿದ್ರೆ ನಾನೇನು ಹೊಡೀತಿದ್ನಾ?”

ಅವನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡ. ಅವಳು ತಿರುಗಿ ಹೋದಳು.

ಯಾವುದಕ್ಕೆ ಹೆದರಿದ್ದನೋ ಅದು ಬಂತು. ಮೂಗಿಗೆ ನಳಿಕೆ ಹಾಕಿದರು, ಮದ್ದು ನಿಲ್ಲಿಸಿದರು. ಬಾಯಿ ಮಾಗಿದ ಮೇಲೆ ಊಟದ ಮೇಡಂ ಚಮಚದಲ್ಲಿ ಶುರು ಮಾಡಿಸಿದಳು. ಒಬ್ಬನೇ ಉಣ್ಣುವುದು ಇನ್ನು ನಡೆಯದು, ಹತ್ತು ಜನರ ನಡುವೆ ಕೂತೇ ಉಣ್ಣಬೇಕು ಎಂದು ಕಟ್ಟಪ್ಪಣೆ ಮಾಡಿದಳು. ಹೆಂಡತಿ ಅವನನ್ನು ಗಾಲಿಕುರ್ಚಿಯಲ್ಲಿ ಪಡಸಾಲೆಯ ತುದಿಯ ಕೋಣೆಗೆ ತಳ್ಳಿಕೊಂಡು ಹೋದಳು. ಸೀಸದ ಕತೆ ಅವನಿಗಿಂತ ಮೊದಲೇ ಆ ಕೋಣೆ ಸೇರಿತ್ತು. ಮುಖ ಮರೆಸಿಕೊಳ್ಳಲು ಕಿಟಕಿಯ ಮೂಲೆ ಹಿಡಿದ. ಟೈಲರ್ ಹೆಂಗಸು ತನ್ನ ಕುರ್ಚಿಯನ್ನು ಕರಕರನೆ ಎಳೆದು ತಂದು ಅವನ ಎದುರಿಗೇ ಹಾಕಿಕೊಂಡಳು.

“ನಿನ್ನ ನೋಡಿ ಕಲಿ ಅಂತ ನನಗೆ ಬೈಸಿದ್ಯಲ್ಲ, ಪುಣ್ಯಾತ್ಮ. ಈಗ ನನ್ನ ನೋಡಿ ನುಂಗು.”

ಕೋಣೆಯಲ್ಲಿ ನಗು ಎದ್ದಿತು. ಅವನಿಗೆ ನಗು ಬರಲಿಲ್ಲ, ಕಿವಿಯ ತುದಿ ತನಕ ಬಿಸಿಯಾಯಿತು. ಆದರೂ ಅವಳು ಒಂದು ಚಮಚ ನುಂಗಿದಾಗ ಇವನೂ ಒಂದು ನುಂಗಿದ. ಹಾಲಲ್ಲಿ ಕಿವುಚಿದ ಮೊಟ್ಟೆ. ಅರ್ಧ ಗಲ್ಲದ ಮೇಲೆ ಇಳಿಯಿತು, ಹೆಂಡತಿ ಒರೆಸಿದಳು. ಕೆಮ್ಮು ಬಂತು, ಯಾರೂ ಎದ್ದು ಹೋಗಲಿಲ್ಲ, ಯಾರೂ ತಿರುಗಿಯೂ ನೋಡಲಿಲ್ಲ. ಮತ್ತೆ ಮದ್ದು ಯಾವಾಗ ಎಂದು ಕೇಳಿದ್ದಕ್ಕೆ, ಮೈ ಹಿಡಿಯಲಿ, ಆಮೇಲೆ ನೋಡೋಣ ಎಂದರು ಡಾಕ್ಟರು. ಭರವಸೆ ಕೊಡಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಆ ವಾರದಲ್ಲೇ ಒಂದು ಮಧ್ಯಾಹ್ನ ಈರುಳ್ಳಿಯವಳು ಅವನ ಮಂಚದ ಹತ್ತಿರ ಬಂದಳು, ಕೈಯಲ್ಲಿ ಡಬ್ಬಿ. ಈ ಸಲ ಮುಳ್ಳಣ್ಣ ಡಬ್ಬಿಯನ್ನು ಸರಿಸಲಿಲ್ಲ. ಮುಚ್ಚಳ ತೆಗೆದು, ಬೆಣ್ಣೆ ಹಾಕಿದ ಬೇಳೆಯನ್ನು ಅವಳ ಎದುರಿಗೇ ತಲೆತಗ್ಗಿಸಿಕೊಂಡು ತಿನ್ನಲು ಹತ್ತಿದ. ಅಜ್ಜನ ಕಟ್ಟು ಮುರಿಯುತ್ತಿದ್ದೇನೆ ಎಂಬ ನಾಚಿಕೆಯೂ ಈಗ ಉಳಿದ ನಾಚಿಕೆಗಳ ಜೊತೆ ಹೋಗಿ ಸೇರಿತು. ಅವನು ಅರ್ಧ ಮುಗಿಸುವ ತನಕ ಕಾದು ಅವಳು ಪೇಟೆಯ ಸುದ್ದಿ ಹೇಳಿದಳು. ಮುಳ್ಳಣ್ಣ ನೋಡಿದ ತಕ್ಕಡಿಗಳನ್ನೆಲ್ಲ ಇನ್ನೊಬ್ಬರಿಂದ ನೋಡಿಸಬೇಕು ಎಂದು ಕೆಲವರು ಗುಸುಗುಸು ಶುರುಮಾಡಿದ್ದಾರಂತೆ. ಅದಕ್ಕೆ ಅವಳೂ ನಾಲ್ಕು ಜನ ಬೇಕಾದವರೂ ಕೂತು ಒಂದು ದಾರಿ ಕಂಡುಕೊಂಡಿದ್ದಾರಂತೆ. ಜ್ವರದ ತಲೆಯಲ್ಲಿ ಏನೋ ಬಡಬಡಿಸಿದ, ಕೆಟ್ಟಿದ್ದು ಮಿಷನ್ನೇ, ಆಸ್ಪತ್ರೆಯವರು ಮುಚ್ಚಿಹಾಕುತ್ತಿದ್ದಾರೆ ಎಂದು ಎಲ್ಲ ಕಡೆ ಹೇಳಿಬಿಡುವುದು. ನೀನು ಬಾಯಿ ಬಿಡದಿದ್ದರೆ ಸಾಕಣ್ಣ, ಉಳಿದದ್ದು ನಮಗೆ ಬಿಡು, ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆ ಎಂದಳು.

ಅವನು ಚಮಚ ಕೆಳಗಿಟ್ಟ.

“ಬೇಡ ತಂಗಿ. ಡಬ್ಬಿ ತಂದಿದೀಯ, ತಿಂತೀನಿ. ನಾಳೆ ತಂದ್ರೂ ತಿಂತೀನಿ, ಅದಕ್ಕೆ ಬೇಡ ಅನ್ನಲ್ಲ. ಆದ್ರೆ ಈ ಮಾತು ನನ್ನ ಪರವಾಗಿ ಯಾರೂ ಆಡೋದು ಬೇಡ. ಇನ್ನೂ ಎಷ್ಟೋ ಜನ ಆ ಮಿಷನ್ ಹತ್ತಬೇಕು, ಅದನ್ನ ನಂಬಿ ಮದ್ದು ತಗೋಬೇಕು. ತಕ್ಕಡಿ ಇನ್ನೊಬ್ಬರ ಹತ್ರ ನೋಡಿಸ್ತಾರಾ, ನೋಡಿಸ್ಲಿ. ನಾನೇ ಅವರ ಜಾಗದಲ್ಲಿದ್ರೂ ನೋಡಿಸ್ತಿದ್ದೆ. ಕೇಳಿದೋರಿಗೆ ಇದ್ದದ್ದನ್ನ ಇದ್ದ ಹಾಗೆ ಹೇಳು, ಇಲ್ಲ ಸುಮ್ನಿರು. ಮತ್ತೆ... ಈ ಮಂಚದ ಪರದೆ ಒಂಚೂರು ಈ ಕಡೆ ಎಳೀತೀಯಾ? ನರ್ಸಮ್ಮ ಬರ್ತಾ ಇದಾಳೆ. ಅವಳ ಮುಖ ನೋಡೋಕೆ ನನಗೆ ಇನ್ನೂ ಆಗ್ತಾ ಇಲ್ಲ.”